ಚರ್ಚಾಪುಟದ ಅಪರಿಚಿತ

ಮಾರ್ಚ್ ೧೧, ಮಂಗಳವಾರ

ಕಂಡು ಕೇಳರಿಯದ ಮನುಷ್ಯನೊಬ್ಬನ ಮೇಲೆ ಹೊಟ್ಟೆ ಉರಿಯುತ್ತಿದೆ.

ಆಟಿಸಂ ಇರುವ ದೊಡ್ಡವರಿಗೆ ಆನ್‌ಲೈನ್ ವಿಶ್ವಕೋಶದಲ್ಲಿ ಬರೆಯಲು ಕಲಿಸುವ ನನ್ನ ತರಗತಿಯಲ್ಲಿ ಸೇತುವೆರಾಯರಿದ್ದಾರೆ. ಸೇತುವೆ ಬಿಟ್ಟು ಬೇರೇನೂ ಬರೆಯದ ಅವರು ತಮಗೆ ತಾವೇ ಇಟ್ಟುಕೊಂಡ ಹೆಸರು ಅದು. ವರ್ಷವಿಡೀ ಪಕ್ಕದಲ್ಲಿ ಕೂತು ಕಲಿಸಿದ ನನಗೆ ಸಿಕ್ಕಿದ್ದು "ಹೂಂ", "ಬೇಡ" ಅಷ್ಟೇ. ಇವತ್ತು ನೋಡಿದರೆ, ಅವರ ಲೇಖನ ತಿದ್ದಿದ ಯಾರೋ ಅಪರಿಚಿತನ ಜೊತೆ, ಲೇಖನದ ಬಗ್ಗೆ ಬರೆದು ಮಾತಾಡಿಕೊಳ್ಳುವ ಚರ್ಚಾಪುಟದಲ್ಲಿ ಉದ್ದಕ್ಕೂ ಹರಟಿದ್ದಾರೆ. ಕಮಾನು, ತುಕ್ಕು, ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ ಮೊದಲ ಸೇತುವೆ. ಅಪ್ಪನ ವಿಷಯ ನನಗೆ ಗೊತ್ತೇ ಇರಲಿಲ್ಲ!

"ನನ್ನ ಹತ್ರ ಇದೆಲ್ಲ ಯಾಕೆ ಹೇಳ್ಲಿಲ್ಲ?" ತಡೆಯಲಾಗದೆ ಕೇಳಿಬಿಟ್ಟೆ.

"ನೀವು ಮುಖಾನೇ ನೋಡ್ತಾ ಕೇಳ್ತೀರಿ ಮೇಡಂ. ಆಗ ನಂಗೆ ಮಾತು ಹೊರಡಲ್ಲ," ಎಂದರು, ಪರದೆಯಿಂದ ಕಣ್ಣು ತೆಗೆಯದೆ. "ಅವರು ಬರೆದು ಕೇಳ್ತಾರೆ."

ಕಲಿಸುವವಳು ನಾನು. ಇಷ್ಟು ಹೊಳೆಯಲಿಲ್ಲವಲ್ಲ.

ಮನೆಗೆ ಬಂದವಳೇ ಚರ್ಚಾಪುಟ ತೆರೆದು, ಆ ಮೊದಲ ಸೇತುವೆ ಮರದ್ದೋ ಕಬ್ಬಿಣದ್ದೋ ಎಂದು ಬರೆದೆ. ಊಟ ಮುಗಿಯುವಷ್ಟರಲ್ಲಿ ರಾಯರ ಉತ್ತರ ಬಂತು: "ಮರದ್ದು, ಹಲಗೆಗಳ ಸಂದಿಯಲ್ಲಿ ನೀರು ಕಾಣುತ್ತಿತ್ತು, ಹೆದರಿ ಅಪ್ಪನ ಕೂದಲು ಹಿಡಿದುಕೊಂಡಿದ್ದೆ."

ಎಷ್ಟು ಸಲ ಓದಿದೆನೋ. ಆದರೂ ಆ ಅಪರಿಚಿತನಿಗೆ ಬರೆದದ್ದೇ ಹೆಚ್ಚು ಉದ್ದವಾಗಿದೆ. ನಾಳೆ ಇನ್ನೊಂದು ಕೇಳಬೇಕು, ಅವನು ಕೇಳುವ ಮೊದಲೇ, ಆ ಸೇತುವೆ ಈಗಲೂ ಇದೆಯೇ ಎಂದು.