ಆಸ್ಪತ್ರೆಗೆ ಬಂದ ಇಬ್ಬರು ಹೆಂಡತಿಯರು

ರೀ,

ನೋವಿನ ಮಾತ್ರೆ ದಿಂಬಿನ ಪಕ್ಕದಲ್ಲಿದೆ, ಊಟವಾದ ಮೇಲೇ ನುಂಗಿ. ಪ್ಲಾಸ್ಟರ್ ಒದ್ದೆ ಮಾಡಿಕೊಳ್ಳಬೇಡಿ.

ಯಾರೋ ಒಬ್ಬಳ ಗಂಡ ಬೇಗ ಮನೆಗೆ ಬಂದನೆಂದು ನೀವು ಅವರ ಬಾಲ್ಕನಿಯಿಂದ ಹಾರಿ ಕಾಲು ಮುರಿದುಕೊಂಡ ಸುದ್ದಿ ಕೇಳಿ ನನಗೂ ನಗು ಬಂತು, ಸುಳ್ಳೇಕೆ ಹೇಳಲಿ. ಆದರೆ ಆಸ್ಪತ್ರೆಯಲ್ಲಿ ನೀವು ಮತ್ತಿನಲ್ಲಿದ್ದಾಗ ಇಬ್ಬರು ಹೆಂಗಸರು ಅಳುತ್ತಾ ಬಂದರು. ಇಬ್ಬರೂ "ನಾನು ಅವರ ಹೆಂಡ್ತಿ" ಅಂದರು. ನರ್ಸ್ ತಲೆ ಕೆಟ್ಟು ನನ್ನ ಕಡೆ ತಿರುಗಿದಳು.

"ಹಾಗಾದ್ರೆ ನೀವ್ಯಾರಮ್ಮ?"

"ಪಕ್ಕದ ಮನೆಯವಳು."

ಹನ್ನೊಂದು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದ್ದೇನೆ. ಹಾಗೆನ್ನುವಾಗ ನಾಲಿಗೆ ತೊದಲಲೇ ಇಲ್ಲ. ಅದಕ್ಕೇ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಅಕ್ಕನ ಮನೆಗೆ ಹೊರಟಿದ್ದೇನೆ. ಊರುಗೋಲು ಮಂಚಕ್ಕೆ ಒರಗಿಸಿದ್ದೇನೆ. ಇನ್ನು ಯಾರು ಬೆಲ್ ಒತ್ತಿದರೂ ನೀವೇ ಎದ್ದು ಹೋಗಿ ಬಾಗಿಲು ತೆಗೆಯಬೇಕು.