ನೀಲಿ ಟೈಯೊಳಗಿನ ಹಳೆಯ ತೂತುಗಳು

ಅಪ್ಪಾ,

ಹನ್ನೊಂದು ವರ್ಷದ ಹಿಂದೆ ನಾನು ಮಷಿನ್‌ನಲ್ಲಿ ಹೊಲಿದಿದ್ದ ನೀಲಿ ಟೈ ಇಂದು ಬೆಳಿಗ್ಗೆ ಅಂಗಡಿಗೆ ವಾಪಸ್ ಬಂತು. ಅದರ ಒಳಗಿರುವ ಹೊಲಿಗೆ ನನ್ನದಲ್ಲ, ನಿಮ್ಮದು ಎಂದು ಹೇಳಿದ್ದು ನಮ್ಮ ಇಸ್ತ್ರಿಯಣ್ಣ.

ಟೈ ತಂದವರು ಒಬ್ಬ ಮೇಷ್ಟ್ರು. ಕುತ್ತಿಗೆಯ ಹತ್ತಿರ ಅಂಚು ಸವೆದಿತ್ತು, ಆಕಾರ ಮಾತ್ರ ಹೊಸದರಂತೆಯೇ ಇತ್ತು. ಒಳಪಟ್ಟಿ ಬದಲಿಸಲೆಂದು ಹಿಂಬದಿಯ ಹೊಲಿಗೆ ಬಿಚ್ಚತೊಡಗಿದೆ. ರೇಷ್ಮೆಯಲ್ಲಿ ನನ್ನ ಮಷಿನ್ ಸೂಜಿಯ ತೂತುಗಳಷ್ಟೇ ಉಳಿದಿದ್ದವು, ದಾರವಿರಲಿಲ್ಲ. ಪಕ್ಕದಲ್ಲಿ ಒಂದೇ ಉದ್ದ ದಾರದ ಸಡಿಲ ಕೈಹೊಲಿಗೆ. ಎಳೆದಾಗ ಟೈ ಹಿಗ್ಗಲೆಂದು ತುದಿಯಲ್ಲಿ ನೀವು ಬಿಡುತ್ತಿದ್ದ ಕುಣಿಕೆ.

"ನೀನು ಊಟಕ್ಕೆ ಹೋದಾಗ ನಿಮ್ಮಪ್ಪ ಬಿಚ್ಚಿ ಹೊಲಿಯೋರು ಕಣಮ್ಮ. ಅವಳಿಗೆ ಹೇಳಿದ್ರೆ ಇಸ್ತ್ರಿಪೆಟ್ಟಿಗೆ ಕಿತ್ಕೋತೀನಿ ಅಂದಿದ್ರು" ಎಂದ ಇಸ್ತ್ರಿಯಣ್ಣ.

ಎಷ್ಟು ಟೈ ಹಾಗೆ ಹೊಲಿದರು ಎಂದು ಕೇಳಿದೆ.

"ಎಲ್ಲಾನೂ."

ಆ ದಿನಗಳಲ್ಲೇ ಒಮ್ಮೆ ಗಿರಾಕಿಗಳ ಎದುರೇ ನಾನು ಅಂದಿದ್ದೆ: "ನಿಮ್ಮ ಹೊಲಿಗೆ ಸಡಿಲ ಅಪ್ಪಾ. ನಾನು ಹೊಲಿದಿದ್ದು ಒಂದಾದ್ರೂ ವಾಪಸ್ ಬಂದಿದ್ಯಾ?" ನೀವು "ಇಲ್ಲಮ್ಮ, ಬಂದಿಲ್ಲ" ಎಂದು ಸೂಜಿಗೆ ದಾರ ಪೋಣಿಸಿದಿರಿ. ಮರುದಿನದಿಂದ ಅಂಗಡಿಗೆ ಬರಲಿಲ್ಲ. ಆಮೇಲೆ ನನ್ನ ಟೈಗಳು ತಿರುಚಿಕೊಂಡು ವಾಪಸ್ ಬರತೊಡಗಿದಾಗ ನಾನು ದಾರದ ವ್ಯಾಪಾರಿಯನ್ನು ಬೈದೆ. ನಾಲ್ಕು ವರ್ಷದ ಹಿಂದೆ ನೀವು ತೀರಿಕೊಂಡಾಗಲೂ ಅವನನ್ನೇ ಬೈಯುತ್ತಿದ್ದೆ.

ಮೇಷ್ಟ್ರಿಗೆ ಏನನ್ನೂ ಹೇಳಿಲ್ಲ. ಹೊಸ ಒಳಪಟ್ಟಿ ಕತ್ತರಿಸಿಯಾಗಿದೆ. ನಾಳೆ ಕೈಯಲ್ಲೇ ಹೊಲಿದು, ತುದಿಯಲ್ಲಿ ಕುಣಿಕೆ ಬಿಡುತ್ತೇನೆ. ಗುರುವಾರ ಸಂಜೆ ಐದಕ್ಕೆ ಅವರು ಬಂದು ಒಯ್ಯುತ್ತಾರೆ.