ಇಪ್ಪತ್ತೈದು ಸಿಳ್ಳೆಯ ದೂರ

ವಿದ್ಯಾರ್ಥಿನಿಯರ ಹಾಸ್ಟೆಲ್, ಸಿಯೋಲ್
ಸೆಪ್ಟೆಂಬರ್ ೧೦

ಪ್ರೀತಿಯ ಅಜ್ಜೀ,

ಹೇಗಿದ್ದೀಯ? ಕಿವಿಯೊಳಗಿನ ಗುಂಯ್ ಸದ್ದು ಕಡಿಮೆಯಾಯಿತೇ? ಚಿಪ್ಪು ಹೆಕ್ಕಲು ಕಡಲಿಗೆ ಇಳಿಯುವ ಮುಂಚೆ ನುಂಗುವ ತಲೆನೋವಿನ ಮಾತ್ರೆಯನ್ನು ಒಂದಕ್ಕೆ ಇಳಿಸಿದ್ದೀಯೆಂದು ನಂಬಿದ್ದೇನೆ. ಹಿರಿಯರ ಶಾಲೆಯಲ್ಲಿ ನೀನು ಓದಲು ಕಲಿತೆಯಲ್ಲ, ಅದಕ್ಕೇ ಅಕ್ಷರ ದಪ್ಪ ಮಾಡಿ ಬರೆದಿದ್ದೇನೆ. ಚಿಕ್ಕಪ್ಪನ ಕೈಗೆ ಕೊಡಬೇಡ, ನಿಧಾನವಾಗಿ ನೀನೇ ಓದು.

ನಾನು ಚೆನ್ನಾಗಿದ್ದೇನೆ. ಹೈಸ್ಕೂಲಿನಿಂದಲೂ ಹಾಸ್ಟೆಲ್ ಊಟದಲ್ಲೇ ಬೆಳೆದವಳಿಗೆ ಇಲ್ಲಿಯ ಮೆಸ್ ಹೊಸದೇನಲ್ಲ. ಕಡಲಪಾಚಿಯ ಸಾರು ಮಾತ್ರ ಪಾತ್ರೆ ತೊಳೆದ ನೀರಿನ ಹಾಗಿರುತ್ತದೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಅರ್ಧ ಕ್ಲಾಸಿನಲ್ಲಿ ತಲೆಗೆ ಹೋಗುತ್ತದೆ, ಉಳಿದರ್ಧ ರೂಮ್‌ಮೇಟ್ ದಾಓನ್‌ಳ ನೋಟ್ಸಿನಿಂದ. ಹೊಸ ಜಾಕೆಟ್ ಬೇಡ, ಹಳೆಯದೇ ಬೆಚ್ಚಗಿದೆ.

ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದ್ದ. ತಾತನ ಸಮಾಧಿಯ ಹುಲ್ಲು ಕೊಯ್ಯುವ ದಿನ ಬಂತು, ಹಬ್ಬಕ್ಕೆ ಬಾರದಿದ್ದರೂ ನಡೆಯುತ್ತದೆ, ಹುಲ್ಲು ಕೊಯ್ಯಲು ಬಾರದವರು ಮನೆಯವರೇ ಅಲ್ಲ ಎಂದ. "ಬೇಸಿಗೆ ರಜೆಗೂ ಬರ್ಲಿಲ್ಲ. ಗಿಂಪೋ ಏರ್‌ಪೋರ್ಟಿಂದ ನಮ್ಮ ಜೇಜುಗೆ ಒಂದು ಗಂಟೆ ಹತ್ತು ನಿಮಿಷ ಕಣೇ. ಮಾರಾಟಕ್ಕೆ ಹೋಗೋ ನಮ್ಮೂರ ಹಂದಿಗಳೂ ಹಡಗಲ್ಲಿ ಅದರ ನಾಲ್ಕರಷ್ಟು ಹೊತ್ತು ತೆಪ್ಪಗೆ ಕೂತಿರ್ತವೆ" ಎಂದು ರೇಗಿಸಿದ. ಅವತ್ತು ಟೆಸ್ಟ್ ಇದೆ ಎಂದುಬಿಟ್ಟೆ. ಅದರ ಬಗ್ಗೆ ಕೊನೆಗೆ ಹೇಳುತ್ತೇನೆ.

ಮಾರ್ಚಿನಲ್ಲಿ ಇಲ್ಲಿಗೆ ಬರುವಾಗ ನಮ್ಮೂರ ಗಾಳಿ ವಿಮಾನವನ್ನು ಕೇರುವ ಮೊರದ ಹಾಗೆ ಎತ್ತಿ ಹಾಕಿತ್ತು. ಇಳಿದ ಮೇಲೂ ನನ್ನ ಮುಷ್ಟಿ ಬಿಚ್ಚಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ, ಮೊನ್ನೆ ದಾಓನ್‌ಗೆ ಹೇಳಿದೆ. ಅವಳು ನಗಲಿಲ್ಲ, ಫೋನ್ ತೆಗೆದು ನೋಡಿದಳು. ನೇರವಾಗಿ ಸುಮಾರು ನಾನೂರೈವತ್ತು ಕಿಲೋಮೀಟರ್; ಟಿಕೆಟ್ಟಿನಲ್ಲಿರುವ ಒಂದು ಗಂಟೆ ಹತ್ತು ನಿಮಿಷದಲ್ಲಿ ಇಪ್ಪತ್ತು ನಿಮಿಷ ನೆಲದ ಮೇಲೇ, ಒಂದರ ಹಿಂದೊಂದು ಸಾಲು ನಿಲ್ಲುವುದಕ್ಕೆ. ಆಕಾಶದಲ್ಲಿ ಬರೀ ಐವತ್ತು. "ಐವತ್ತು ನಿಮಿಷ ಅಂದ್ರೆ ನಿನಗೆ ಏನು ನೆನಪಾಗುತ್ತೆ, ಹೇಳು" ಎಂದಳು.

ನೀನು ನೆನಪಾದೆ ಅಜ್ಜೀ. ಕರಿಬಂಡೆಯ ಮೇಲೆ ನಿನ್ನ ಬುಟ್ಟಿ ಕಾಯುತ್ತ ಕೂತಿರುತ್ತಿದ್ದೆನಲ್ಲ. ನೀನು ಒಂದು ನಿಮಿಷ ಮುಳುಗಿರುತ್ತಿದ್ದೆ, ಮೇಲೆ ಬಂದು ಸಿಳ್ಳೆಯ ಹಾಗೆ ಉಸಿರು ಬಿಡುತ್ತಿದ್ದೆ, ತೇಲುವ ಸೋರೆಬುರುಡೆ ತಬ್ಬಿಕೊಂಡು ಇನ್ನೊಂದು ನಿಮಿಷ ಸುಧಾರಿಸಿಕೊಳ್ಳುತ್ತಿದ್ದೆ. ಸಿಳ್ಳೆ ಕೇಳುವವರೆಗೂ ಪ್ರತಿ ಸಲ ನನಗೆ ಭಯ. ಪ್ರತಿ ಸಲವೂ ಕೇಳಿಸಿತು. ಲೆಕ್ಕ ಹಾಕಿದೆ: ಐವತ್ತು ನಿಮಿಷಕ್ಕೆ ಇಪ್ಪತ್ತೈದು ಸಿಳ್ಳೆ. ಅಷ್ಟೇ ದೂರ ನಮ್ಮ ಮನೆ.

ನಿನ್ನ ಜೊತೆ ಮುಳುಗುವ ಅಜ್ಜಿಯರಿಗೆಲ್ಲ ನಮಸ್ಕಾರ ಹೇಳು. ಕಡಲು ನಿನ್ನ ಬುಟ್ಟಿ ತುಂಬಿಸಲಿ, ಬದಲಿಗೆ ನಿನ್ನ ಉಸಿರನ್ನು ಮಾತ್ರ ಬೇಡದಿರಲಿ.

ನಿನ್ನ ಮೊಮ್ಮಗಳು,
ಬು ಹ್ಯೇರಿನ್

ಮರೆತಿದ್ದೆ: ಟೆಸ್ಟ್ ಇಲ್ಲ, ಬೇಸಿಗೆಯಲ್ಲಿ ನೆಪ ಹೇಳಿದ್ದ ಕ್ಲಾಸೂ ಇರಲಿಲ್ಲ. ಹೆದರಿ ಸುಳ್ಳು ಹೇಳಿದೆ, ಬೈಯಬೇಡ. ಹುಲ್ಲು ಕೊಯ್ಯುವುದಕ್ಕೆ ಹತ್ತೊಂಬತ್ತರ ಟಿಕೆಟ್ ತೆಗೆದಾಗಿದೆ, ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ನೀವೆಲ್ಲ ನೀರಿನಲ್ಲಿರುತ್ತೀರೆಂದು ಚಿಕ್ಕಪ್ಪನ ಬಾಯಿಂದಲೇ ಉಪಾಯವಾಗಿ ತಿಳಿದುಕೊಂಡೆ. ವಿಮಾನ ನಿಲ್ದಾಣಕ್ಕೆ ಬರಬೇಡ, ಮುಳುಗುತ್ತಿರು. ನಾನು ಕಣ್ಣು ಮುಚ್ಚಿ ಎಣಿಸುತ್ತಾ ಬರುತ್ತೇನೆ. ನನ್ನ ಕುಡುಗೋಲು ಮಸೆದಿಡು.